ಸೈತಾನನ ಹೆಸರಿನಲ್ಲಿ ಸರಪಳಿ

1976ರ ಜುಲೈ 1ರಂದು ಜರ್ಮನಿಯ ಕ್ಲಿಂಗೆನ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ಆನೆಲೀಸ್ ಮಿಶೆಲ್ ಎಂಬ ಯುವತಿ ತನ್ನ ಮನೆಯಲ್ಲೇ ತೀರಿಕೊಂಡಳು. ವಯಸ್ಸು 23. ತೂಕ ಸುಮಾರು 31 ಕಿಲೋ. ಆಕೆಯ ಸಾವಿಗೆ ಕಾರಣ ಪಿಶಾಚಿಯಲ್ಲ, ಅನ್ನ ನೀರಿಲ್ಲದೆ ದೇಹ ಬತ್ತಿ ಹೋದದ್ದು ಎಂದು ವೈದ್ಯರು ಹೇಳಿದರು. ಆದರೆ ಅದಕ್ಕಿಂತ ಮುಂಚಿನ ಹತ್ತು ತಿಂಗಳಲ್ಲಿ ಆ ಮನೆಗೆ ಪಾದ್ರಿಗಳು ಬರುತ್ತಿದ್ದರು. ವಾರಕ್ಕೆ ಒಂದೆರಡು ಬಾರಿಯಂತೆ ಒಟ್ಟು 67 ಬಾರಿ ಆಕೆಯ ಮೇಲೆ ಭೂತೋಚ್ಚಾಟನೆಯ ವಿಧಿ ನಡೆಯಿತು. ಒಂದೊಂದು ಸಲ ಗಂಟೆಗಟ್ಟಲೆ. ನಲ್ವತ್ತಕ್ಕೂ ಹೆಚ್ಚು ಧ್ವನಿಸುರುಳಿಗಳಲ್ಲಿ ಅದನ್ನೆಲ್ಲಾ ದಾಖಲಿಸಿಕೊಳ್ಳಲಾಯಿತು. ಆಕೆಯ ಬಾಯಿಂದ ಲೂಸಿಫರ್, ಯೂದ, ನೀರೋ, ಹಿಟ್ಲರ್ ಮಾತಾಡುತ್ತಿದ್ದಾರೆಂದು ಸುತ್ತ ನಿಂತವರು ನಂಬಿದ್ದರು. ಒಬ್ಬ ಹೆಣ್ಣುಮಗಳು ಕಣ್ಣೆದುರೇ ಸವೆಯುತ್ತಿದ್ದುದು ಮಾತ್ರ ಅವರಾರಿಗೂ ಕಾಣಿಸಲಿಲ್ಲ.

ಆನೆಲೀಸ್‌ಗೆ ಹದಿನಾರರ ಆಸುಪಾಸಿನಲ್ಲಿ ಮೂರ್ಛೆರೋಗ ಕಾಣಿಸಿಕೊಂಡಿತ್ತು. ವೈದ್ಯರು ಅದನ್ನು ಗುರುತಿಸಿದ್ದರು, ಮದ್ದನ್ನೂ ಕೊಟ್ಟಿದ್ದರು. ಆಕೆ ಓದಿನಲ್ಲಿ ಹಿಂದೆ ಬಿದ್ದವಳಲ್ಲ, ವ್ಯುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ನಾಸ್ತಿಕಳಂತೂ ಅಲ್ಲವೇ ಅಲ್ಲ, ಅತ್ಯಂತ ಧರ್ಮಭೀರು ಮನೆತನದ ಹುಡುಗಿ. ತಾನು ಅನುಭವಿಸುತ್ತಿರುವುದು ದಾರಿ ತಪ್ಪಿದ ಯುವಜನರ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಆಕೆ ನಂಬಿದ್ದಳು. ನೂರಾರು ಬಾರಿ ಮಂಡಿಯೂರಿ ಆಕೆಯ ಮೊಣಕಾಲುಗಳು ಜಖಂಗೊಂಡಿದ್ದವು. ಪ್ರಕರಣ ಕೋರ್ಟಿಗೆ ಹೋಯಿತು. ಸಾವಿಗೆ ಒಂದು ವಾರ ಮುಂಚೆ ಆಸ್ಪತ್ರೆಗೆ ಸೇರಿಸಿದ್ದರೂ ಆಕೆ ಬದುಕುತ್ತಿದ್ದಳೆಂದು ಸರಕಾರಿ ಪಕ್ಷ ವಾದಿಸಿತು. 1978ರಲ್ಲಿ ಹೆತ್ತವರಿಗೂ ಇಬ್ಬರು ಪಾದ್ರಿಗಳಿಗೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಅಪರಾಧಕ್ಕಾಗಿ ಆರು ತಿಂಗಳ ಶಿಕ್ಷೆಯಾಯಿತು. ಅದನ್ನೂ ಅಮಾನತಿನಲ್ಲಿಡಲಾಯಿತು. ಅಂದರೆ ಯಾರೂ ಜೈಲಿಗೆ ಹೋಗಲಿಲ್ಲ.

ಈ ಕಥೆಯನ್ನು ಮುಂದಿಟ್ಟು 2005ರಲ್ಲಿ ಹಾಲಿವುಡ್ಡು ಸಿನಿಮಾ ಮಾಡಿತು. ಜನರು ಹಣ ಕೊಟ್ಟು ಹೆದರಿಕೊಂಡು ಬಂದರು. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಸೈತಾನನನ್ನು ನಂಬುವುದು ತಪ್ಪೇ? ಅಥವಾ ಸೈತಾನನ ಹೆಸರಿನಲ್ಲಿ ಇನ್ನೊಬ್ಬರ ದೇಹಕ್ಕೆ, ಮಗುವಿಗೆ, ದೇಶಕ್ಕೆ ಹಣೆಪಟ್ಟಿ ಅಂಟಿಸುವುದು ತಪ್ಪೇ?

ಮೊದಲನೆಯದನ್ನು ನಾವು ತಪ್ಪೆನ್ನಲಾರೆವು. ಕ್ರೈಸ್ತರಂತೆ ಮುಸ್ಲಿಮರಾದ ನಾವೂ ಸೈತಾನನಿದ್ದಾನೆಂದು ನಂಬುವವರು. ಜಿನ್ನ್‌ಗಳ ಬಗ್ಗೆ ಕುರ್‌ಆನ್ ಹೇಳಿರುವುದನ್ನೂ ನಂಬುವವರು. ಆದ್ದರಿಂದ ಹೊರಗೆ ನಿಂತು ನಗುವ ಹಕ್ಕು ನಮಗಿಲ್ಲ. ಇದು ನೆರೆಮನೆಯವರೊಂದಿಗೆ ಆಡಬೇಕಾದ ಮಾತು. ನೆರೆಮನೆಯವರೊಂದಿಗೆ ಮಾತಾಡುವಾಗ ನಮ್ಮ ಮನೆಯ ಬಾಗಿಲನ್ನೂ ತೆರೆದಿಡಬೇಕಾಗುತ್ತದೆ.

ಸುವಾರ್ತೆಗಳಲ್ಲಿ ಸೈತಾನ ಏನು ಮಾಡುತ್ತಾನೆಂದು ನೋಡಿ. ಅರಣ್ಯದಲ್ಲಿ ಉಪವಾಸವಿದ್ದ ಯೇಸುವಿನ ಬಳಿಗೆ ಅವನು ಬರುತ್ತಾನೆ. ಮೈಮೇಲೆ ಬರುವುದಿಲ್ಲ, ಮಾತಿಗೆ ಬರುತ್ತಾನೆ. ಕಲ್ಲನ್ನು ರೊಟ್ಟಿ ಮಾಡು ಎನ್ನುತ್ತಾನೆ, ದೇವಾಲಯದ ತುದಿಯಿಂದ ಧುಮುಕಿ ಪವಾಡ ತೋರಿಸು ಎನ್ನುತ್ತಾನೆ, ಲೋಕದ ರಾಜ್ಯಗಳನ್ನೆಲ್ಲ ಕೊಡುತ್ತೇನೆ ನನಗೆ ಅಡ್ಡಬೀಳು ಎನ್ನುತ್ತಾನೆ. ಹೊಟ್ಟೆ, ಪ್ರಚಾರ, ಅಧಿಕಾರ. ಸೈತಾನನ ಅಂಗಡಿಯಲ್ಲಿ ಅಂದೂ ಇಂದೂ ಇರುವ ಸರಕು ಇದೇ. ಅಪೊಸ್ತಲ ಯಾಕೋಬನ ಪತ್ರವಂತೂ ಮನುಷ್ಯನನ್ನು ಸೆಳೆದೊಯ್ಯುವುದು ಅವನದೇ ಆಸೆ ಎಂಬರ್ಥದ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಕುರ್‌ಆನ್‌ನ ಇಬ್ರಾಹೀಮ್ ಅಧ್ಯಾಯದಲ್ಲಿ ತೀರ್ಪಿನ ದಿನದ ಒಂದು ದೃಶ್ಯವಿದೆ. ತನ್ನನ್ನು ದೂರುವವರಿಗೆ ಸೈತಾನನೇ ಉತ್ತರ ಕೊಡುತ್ತಾನೆ. ತನಗೆ ಅವರ ಮೇಲೆ ಯಾವ ಅಧಿಕಾರವೂ ಇರಲಿಲ್ಲ, ತಾನು ಕರೆದೆ, ಅವರು ಓಗೊಟ್ಟರು, ಆದ್ದರಿಂದ ತನ್ನನ್ನಲ್ಲ ತಮ್ಮನ್ನೇ ಹಳಿದುಕೊಳ್ಳಲಿ ಎಂಬುದು ಆ ಮಾತಿನ ಸಾರ. ಎರಡೂ ಗ್ರಂಥಗಳು ಸೈತಾನನ ವಿಚಾರವನ್ನು ಎತ್ತುವುದು ಮನುಷ್ಯ ತನ್ನನ್ನು ತಾನು ತಪಾಸಣೆ ಮಾಡಿಕೊಳ್ಳಲಿ ಎಂದು. ದುರಂತವೆಂದರೆ, ನಾವು ಅದನ್ನು ಇತರರನ್ನು ತಪಾಸಣೆ ಮಾಡುವ ಸಾಧನವಾಗಿ ಮಾಡಿಕೊಂಡೆವು.

ಹಾಗಾದರೆ ಯೇಸು ಅಶುದ್ಧಾತ್ಮಗಳನ್ನು ಓಡಿಸಿದ ಪ್ರಸಂಗಗಳು ಸುವಾರ್ತೆಗಳಲ್ಲಿ ಇಲ್ಲವೇ ಎಂದು ಕ್ರೈಸ್ತ ಮಿತ್ರರು ಕೇಳಬಹುದು. ಇವೆ. ಅವುಗಳಲ್ಲಿ ಪ್ರಸಿದ್ಧವಾದ ಒಂದನ್ನೇ ನೋಡೋಣ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಬದುಕುತ್ತಿದ್ದ ಒಬ್ಬ ಮನುಷ್ಯ ಬರುತ್ತಾನೆ. ಕಲ್ಲುಗಳಿಂದ ಮೈಯನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದ. ಊರಿನವರು ಅವನನ್ನು ಮತ್ತೆ ಮತ್ತೆ ಸರಪಳಿಯಿಂದ ಕಟ್ಟಿ ಹಾಕುತ್ತಿದ್ದರು, ಅವನು ಕಿತ್ತುಕೊಂಡು ಹೋಗುತ್ತಿದ್ದ. ಯೇಸು ಅವನನ್ನು ಕಟ್ಟಲಿಲ್ಲ, ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ, ಹಣ ಕೇಳಲಿಲ್ಲ. ಕಥೆಯ ಕೊನೆಗೆ ಅವನು ಬಟ್ಟೆ ಉಟ್ಟು, ಸ್ವಸ್ಥಬುದ್ಧಿಯವನಾಗಿ ಕುಳಿತಿರುತ್ತಾನೆ. ತನ್ನೊಂದಿಗೆ ಬರುತ್ತೇನೆಂದವನನ್ನು ಯೇಸು ಅವನ ಮನೆಯವರ ಬಳಿಗೆ ಕಳಿಸುತ್ತಾರೆ. ಸರಪಳಿ ಊರಿನವರದ್ದು, ಬಿಡುಗಡೆ ಪ್ರವಾದಿಯದ್ದು. ಹಝ್ರತ್ ಈಸಾ(ಅ)ರನ್ನು ಪ್ರವಾದಿಯೆಂದು ಗೌರವಿಸುವ ನಮಗೆ ಈ ಪ್ರಸಂಗದಲ್ಲಿ ಕಾಣುವುದು ಇಷ್ಟೇ. ಅವರ ಹೆಸರಿನಲ್ಲಿ ರೋಗಿಯನ್ನು ಕಟ್ಟುವವನು ಅವರ ಹಿಂದೆ ನಿಂತಿಲ್ಲ, ಸರಪಳಿ ಹಿಡಿದ ಊರಿನವರ ಜೊತೆ ನಿಂತಿದ್ದಾನೆ.

ಆನೆಲೀಸ್ ಓದಿದ ವ್ಯುರ್ಟ್ಸ್‌ಬರ್ಗ್ ನಗರಕ್ಕೆ ಇನ್ನೊಂದು ಹಳೆಯ ನೆನಪಿದೆ. ಆಕೆಯ ಮೇಲೆ ಭೂತೋಚ್ಚಾಟನೆಗೆ ಅನುಮತಿ ಕೊಟ್ಟದ್ದು ಅದೇ ನಗರದ ಬಿಷಪ್. ಅದಕ್ಕೂ ಮುನ್ನೂರೈವತ್ತು ವರ್ಷ ಮೊದಲು, 1626ರಿಂದ 1631ರ ನಡುವೆ, ಅದೇ ಧರ್ಮಪ್ರಾಂತ್ಯದಲ್ಲಿ ಬಿಷಪರೇ ದೊರೆಯೂ ಆಗಿದ್ದ ಕಾಲದಲ್ಲಿ, ಸೈತಾನನೊಂದಿಗೆ ಒಪ್ಪಂದ ಮಾಡಿಕೊಂಡರೆಂಬ ಆರೋಪದ ಮೇಲೆ ನೂರಾರು ಜನರನ್ನು ಕೊಲ್ಲಲಾಗಿತ್ತು. 1629ರ ಒಂದು ಪಟ್ಟಿಯಲ್ಲೇ 157 ಜನರ ಮರಣದಂಡನೆ ದಾಖಲಾಗಿದೆ. ಅದರಲ್ಲಿ ಪುಟ್ಟ ಮಕ್ಕಳೂ ಇದ್ದಾರೆ. ಯುರೋಪಿನಾದ್ಯಂತ ಆ ಮೂರು ಶತಮಾನಗಳಲ್ಲಿ ಮಾಟಗಾತಿಯರೆಂಬ ಹೆಸರಿನಲ್ಲಿ 40 ಸಾವಿರದಿಂದ 60 ಸಾವಿರದಷ್ಟು ಜನ ಬಲಿಯಾದರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಹೆಚ್ಚಿನವರು ಹೆಂಗಸರು. ಇದರಲ್ಲಿ ಕ್ಯಾಥೊಲಿಕರು ಪ್ರೊಟೆಸ್ಟೆಂಟರು ಎಂಬ ಭೇದವೇನೂ ಇರಲಿಲ್ಲ.

ಆದರೆ ಅದೇ ಕಾಲದಲ್ಲಿ, ಅದೇ ಚರ್ಚಿನೊಳಗಿಂದ ಒಂದು ಧ್ವನಿಯೂ ಎದ್ದಿತು. ಫ್ರೀಡ್ರಿಶ್ ಸ್ಪೇ ಎಂಬ ಜೆಸ್ವಿಟ್ ಪಾದ್ರಿ 1631ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಹೆಸರು ಹಾಕಲು ಧೈರ್ಯವಿರಲಿಲ್ಲ, ಹಾಕಿದ್ದರೆ ಅವರನ್ನೂ ಉಳಿಸುತ್ತಿರಲಿಲ್ಲವೇನೋ. ಅವರ ವಾದ ಸರಳವಾಗಿತ್ತು. ಚಿತ್ರಹಿಂಸೆ ಕೊಟ್ಟರೆ ಯಾರು ಬೇಕಾದರೂ ಸೈತಾನನ ಜೊತೆಗಾರನೆಂದು ಒಪ್ಪಿಕೊಳ್ಳುತ್ತಾರೆ, ನ್ಯಾಯಾಧೀಶರನ್ನೇ ಹಿಂಸಿಸಿದರೆ ಅವರೂ ಒಪ್ಪಿಕೊಳ್ಳುತ್ತಾರೆ. ಅಂದರೆ ಮಾಟಗಾತಿಯರನ್ನು ಹುಟ್ಟಿಸುತ್ತಿರುವುದು ಸೈತಾನನಲ್ಲ, ವಿಚಾರಣೆಯೇ. ಸ್ಪೇ ಸೈತಾನನನ್ನು ನಂಬದವರೇನಲ್ಲ, ನಂಬಿದ್ದುಕೊಂಡೇ ಅಮಾಯಕರ ಪರ ನಿಂತರು. ಪ್ಲೇಗ್ ತಗುಲಿದ ಸೈನಿಕರ ಆರೈಕೆ ಮಾಡುತ್ತಾ 1635ರಲ್ಲಿ ತಾವೇ ಸೋಂಕಿಗೆ ಬಲಿಯಾದರು. ನಮಗೆ ಇಂದು ಬೇಕಾದುದು ಸೈತಾನನನ್ನು ಗೇಲಿ ಮಾಡುವ ಬುದ್ಧಿಜೀವಿಗಳಿಗಿಂತ ಹೆಚ್ಚಾಗಿ ಇಂತಹ ಸ್ಪೇಗಳು, ಚರ್ಚಿನಲ್ಲೂ ಮಸೀದಿಯಲ್ಲೂ.

ಹಾಗಂತ ಚರ್ಚಿನ ಬಳಿ ನಿಯಮಗಳಿರಲಿಲ್ಲವೆಂದಲ್ಲ. 1614ರ ಭೂತೋಚ್ಚಾಟನೆಯ ವಿಧಿಯೇ ಯಾರಿಗೋ ಪಿಶಾಚಿ ಹಿಡಿದಿದೆಯೆಂದು ಸುಲಭವಾಗಿ ನಂಬಬಾರದೆಂದು ಪಾದ್ರಿಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಬಿಷಪರ ಅನುಮತಿಯಿಲ್ಲದೆ ಅದನ್ನು ಮಾಡುವಂತಿಲ್ಲ. 1999ರಲ್ಲಿ ವ್ಯಾಟಿಕನ್ ಆ ವಿಧಿಯನ್ನು ಪರಿಷ್ಕರಿಸಿದಾಗ ರೋಗವನ್ನು ಪಿಶಾಚಿಯೆಂದು ತಪ್ಪಾಗಿ ತಿಳಿಯದಂತೆ ವೈದ್ಯರ ಸಲಹೆಗೆ ಇನ್ನಷ್ಟು ಒತ್ತುಕೊಟ್ಟಿತು. ಇದು ಮೆಚ್ಚತಕ್ಕದ್ದು. ಆದರೆ ನಿಯಮವಿದ್ದೂ ಆನೆಲೀಸ್ ಸತ್ತಳು ಎಂಬುದನ್ನು ಮರೆಯಬಾರದು. 2005ರಲ್ಲಿ ರೊಮೇನಿಯಾದ ತನಾಕು ಎಂಬಲ್ಲಿನ ಆರ್ಥೊಡಾಕ್ಸ್ ಮಠದಲ್ಲಿ ಮನೋರೋಗಕ್ಕೆ ಚಿಕಿತ್ಸೆ ಪಡೆದಿದ್ದ 23ರ ಒಬ್ಬ ಸನ್ಯಾಸಿನಿಯನ್ನು ಶಿಲುಬೆಯಾಕಾರದ ಮರಕ್ಕೆ ಕಟ್ಟಿ, ಬಾಯಿಗೆ ಬಟ್ಟೆ ತುರುಕಿ, ಆಹಾರವಿಲ್ಲದೆ ಇರಿಸಲಾಯಿತು. ಆಕೆಯೂ ಸತ್ತಳು. ಬಿಡಿಸಲು ಹೊರಟವರು ಆಕೆಯ ಪ್ರಾಣವನ್ನೇ ಬಿಡಿಸಿದರು.

ನಿಯಮವಿರುವ ಕಡೆಯೇ ಹೀಗಾದರೆ, ನಿಯಮವೇ ಇಲ್ಲದ ಕಡೆ ಏನಾದೀತು? ಇಂದು ಲೋಕದ ಹಲವೆಡೆ ಯಾವ ಬಿಷಪ್ಪನಿಗೂ ಉತ್ತರ ಕೊಡಬೇಕಿಲ್ಲದ ಸ್ವತಂತ್ರ ಬೋಧಕರು ‘ಬಿಡುಗಡೆ’ಯ ಸಭೆಗಳನ್ನು ನಡೆಸುತ್ತಿದ್ದಾರೆ. ಬಡತನ, ಬಂಜೆತನ, ಸಾಲ, ಗಂಡನ ಕುಡಿತ, ಮಗುವಿನ ಹಟ ಎಲ್ಲದರ ಹಿಂದೆಯೂ ಅವರಿಗೆ ಒಂದೊಂದು ಪಿಶಾಚಿ ಕಾಣುತ್ತದೆ. ನೈಜೀರಿಯಾದ ಅಕ್ವಾ ಇಬೋಮ್ ರಾಜ್ಯದಲ್ಲಿ ಮಕ್ಕಳನ್ನೇ ಮಾಟಗಾರರೆಂದು ಕರೆದು ಮನೆಯಿಂದ ಹೊರದಬ್ಬುವುದು ಎಷ್ಟು ಹೆಚ್ಚಿತೆಂದರೆ, 2008ರಲ್ಲಿ ಅಲ್ಲಿನ ಸರಕಾರ ಅದನ್ನು ಜೈಲುಶಿಕ್ಷೆಯ ಅಪರಾಧವೆಂದು ಕಾನೂನು ಮಾಡಬೇಕಾಯಿತು. 2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ ತನ್ನನ್ನು ಸಾಕುತ್ತಿದ್ದವರ ಹಿಂಸೆಯಿಂದ ಸತ್ತಾಗ ಮೈಮೇಲೆ 128 ಗಾಯಗಳಿದ್ದವು. ಆಕೆಯನ್ನು ಚರ್ಚಿಗೆ ಕರೆದೊಯ್ದಿದ್ದರು. ಅಲ್ಲಿ ಕಂಡದ್ದು ಗಾಯಗಳಲ್ಲ, ಪಿಶಾಚಿ. 2021ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಮಾಟದ ಆರೋಪದ ಹೆಸರಿನ ಹಿಂಸೆಯ ವಿರುದ್ಧ ನಿರ್ಣಯವನ್ನು ಅಂಗೀಕರಿಸಿತು. ಅಂದರೆ ಇದು ಮುಗಿದುಹೋದ ಮಧ್ಯಯುಗದ ಕಥೆಯಲ್ಲ.

ಇಲ್ಲಿ ಒಂದು ಲೆಕ್ಕಾಚಾರವನ್ನು ಗಮನಿಸಬೇಕು. ಪಿಶಾಚಿ ಹಿಡಿಯುವುದು ಯಾರನ್ನು? ಹೆಣ್ಣನ್ನು, ಮಗುವನ್ನು, ಬಡವನನ್ನು, ರೋಗಿಯನ್ನು. ಬ್ಯಾಂಕನ್ನು ಮುಳುಗಿಸಿದ ಉದ್ಯಮಿಗೆ, ಸುಳ್ಳು ಹೇಳಿ ಯುದ್ಧ ಆರಂಭಿಸಿದ ಮಂತ್ರಿಗೆ ಪಿಶಾಚಿ ಹಿಡಿದಿದೆಯೆಂದು ಯಾರೂ ಅವರನ್ನು ಕಟ್ಟಿ ಹಾಕುವುದಿಲ್ಲ. ಲೋಕದ ರಾಜ್ಯಗಳನ್ನು ಕೊಡುತ್ತೇನೆಂಬ ಸೈತಾನನ ಆಮಿಷಕ್ಕೆ ಬಲಿಯಾದವರು ವೇದಿಕೆಯ ಮೇಲೆ, ಮೂರ್ಛೆರೋಗ ಬಂದವರು ಸರಪಳಿಯಲ್ಲಿ!

ಮನುಷ್ಯನೊಬ್ಬನಿಗೆ ಅಂಟಿಸಿದ ಈ ಹಣೆಪಟ್ಟಿಯನ್ನು ಒಂದು ಇಡೀ ಜನಾಂಗಕ್ಕೆ ಅಂಟಿಸಲು ಹೆಚ್ಚು ಹೊತ್ತು ಬೇಕಿಲ್ಲ. 1990ರ ದಶಕದಲ್ಲಿ ಅಮೇರಿಕದ ಕೆಲವು ಇವಾಂಜೆಲಿಕಲ್ ಬೋಧಕರು ಊರು, ದೇಶಗಳ ಮೇಲೆ ಒಡೆತನ ಸ್ಥಾಪಿಸಿದ ದುಷ್ಟಾತ್ಮಗಳಿವೆಯೆಂಬ ಸಿದ್ಧಾಂತವನ್ನು ಪ್ರಚಾರ ಮಾಡಿದರು. ಅವರ ನಕ್ಷೆಯಲ್ಲಿ ಮುಸ್ಲಿಮರ, ಹಿಂದೂಗಳ, ಬೌದ್ಧರ ನಾಡುಗಳೇ ಸೈತಾನನ ಭದ್ರಕೋಟೆ. ಆ ಕೋಟೆಯೊಳಗೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಂದಿರು, ಐದು ಹೊತ್ತು ದೇವನಿಗೆ ಹಣೆ ಹಚ್ಚುವ ಮುದುಕರು ಇರುತ್ತಾರೆಂಬುದು ನಕ್ಷೆ ಬರೆದವರಿಗೆ ಕಾಣದು. 2003ರಲ್ಲಿ ಅಮೇರಿಕದ ರಕ್ಷಣಾ ಇಲಾಖೆಯ ಉನ್ನತ ಅಧಿಕಾರಿ ಜನರಲ್ ವಿಲಿಯಂ ಬಾಯ್ಕಿನ್ ಸಮವಸ್ತ್ರದಲ್ಲಿಯೇ ಚರ್ಚುಗಳಿಗೆ ಹೋಗಿ, ತಮ್ಮ ನಿಜವಾದ ಶತ್ರು ಸೈತಾನನೆಂದೂ ಸೋಮಾಲಿಯಾದ ಸೇನಾನಿಯೊಬ್ಬನ ದೇವರು ವಿಗ್ರಹ ಮಾತ್ರವೆಂದೂ ಭಾಷಣ ಮಾಡಿದ್ದು ಬಯಲಾಯಿತು. ಅಧ್ಯಕ್ಷ ಬುಷ್ ತಮ್ಮ ಯುದ್ಧ ಇಸ್ಲಾಮಿನ ವಿರುದ್ಧವಲ್ಲವೆಂದು ಹೇಳುತ್ತಲೇ ಇದ್ದರು, ಆ ಜನರಲ್ ಹುದ್ದೆಯಲ್ಲೂ ಮುಂದುವರಿದರು. ಅದೇ ವರ್ಷ ಇರಾಕಿನ ಮೇಲೆ ದಾಳಿ ನಡೆಯಿತು. ಸಮೂಹ ನಾಶದ ಅಸ್ತ್ರಗಳು ಸಿಗಲೇ ಇಲ್ಲ. ಎದುರಿಗಿರುವವನು ಮನುಷ್ಯನಾದರೆ ಅವನ ಮಾತು ಕೇಳಬೇಕಾಗುತ್ತದೆ, ಪುರಾವೆ ಕೊಡಬೇಕಾಗುತ್ತದೆ. ಸೈತಾನನೆಂದುಬಿಟ್ಟರೆ ಬಾಂಬು ಸಾಕು. ಆ ಯುದ್ಧವನ್ನು ಪೋಪ್ ಎರಡನೆಯ ಜಾನ್ ಪಾಲ್ ಕಡೆಯ ತನಕ ವಿರೋಧಿಸಿದರೆಂಬುದನ್ನೂ ಇಲ್ಲಿ ಹೇಳಲೇಬೇಕು. ಬಾಯ್ಕಿನ್‌ರೇ ಕ್ರೈಸ್ತಧರ್ಮವಲ್ಲ.

ಇನ್ನು ನಮ್ಮ ಮನೆಯ ಬಾಗಿಲು. 1979ರಲ್ಲಿ ಅಯತುಲ್ಲಾ ಖುಮೈನಿ ಅಮೇರಿಕವನ್ನು ಮಹಾ ಸೈತಾನನೆಂದು ಕರೆದಾಗ ನಮ್ಮವರಲ್ಲಿ ಎಷ್ಟು ಜನ ಚಪ್ಪಾಳೆ ತಟ್ಟಿರಲಿಲ್ಲ? ಅಮೇರಿಕದ ಸರಕಾರ ಇರಾನಿನಲ್ಲಿ ಮಾಡಿದ ಅನ್ಯಾಯವನ್ನು ಅನ್ಯಾಯವೆಂದು ಕರೆಯಲು ನಮಗೆ ಪದಗಳಿದ್ದವು. ಸೈತಾನನ ಪದ ಬೇಕಿರಲಿಲ್ಲ.

ಅದಕ್ಕಿಂತಲೂ ಸುಡುವ ನೆನಪು 2001ರ ಆಗಸ್ಟ್ 6ರದ್ದು. ತಮಿಳುನಾಡಿನ ಏರ್ವಾಡಿ ದರ್ಗಾದ ಸುತ್ತ ಮನೋರೋಗಿಗಳನ್ನು ಇರಿಸಿಕೊಳ್ಳುವ ಖಾಸಗಿ ಮನೆಗಳಿದ್ದವು. ಎಲ್ಲ ಧರ್ಮದವರೂ ತಮ್ಮವರನ್ನು ಅಲ್ಲಿ ತಂದು ಬಿಡುತ್ತಿದ್ದರು. ಬೆಳಗಿನ ಜಾವ ಅಂತಹ ಒಂದು ಮನೆಯ ಹುಲ್ಲಿನ ಛಾವಣಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ. ಓಡಲಾಗಲಿಲ್ಲ. 28 ಜನ ಸುಟ್ಟು ಸತ್ತರು. ಆನೆಲೀಸ್‌ಳಿಗಾಗಿ ಮರುಗುವ ನಾವು ಏರ್ವಾಡಿಯ ಆ 28 ಜನರಿಗಾಗಿ ಎಷ್ಟು ಜುಮಾ ಖುತ್‌ಬಾಗಳಲ್ಲಿ ಮರುಗಿದ್ದೇವೆ? ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಫಿಟ್ಸ್ ಬಂದ ಹುಡುಗಿಯನ್ನು ಮೊದಲು ಕರೆದೊಯ್ಯುವುದು ಎಲ್ಲಿಗೆ? ತಾಯಿತ, ಊದಿದ ನೀರು, ಜಿನ್ನ್ ಬಿಡಿಸುವ ಬೆತ್ತ ಎಲ್ಲ ಮುಗಿದ ಮೇಲೆ, ಮದುವೆಯ ಮಾತು ಮುರಿದು ಬಿದ್ದ ಮೇಲೆ ಆಸ್ಪತ್ರೆ ನೆನಪಾಗುತ್ತದೆ.

ನಮ್ಮ ಪರಂಪರೆ ಇದನ್ನು ಕಲಿಸಿತ್ತೇ? ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ಒಂದು ಪ್ರಸಂಗವಿದೆ. ಮೂರ್ಛೆರೋಗವಿದ್ದ ಕಪ್ಪುವರ್ಣದ ಮಹಿಳೆಯೊಬ್ಬರು ಪ್ರವಾದಿ(ಸ)ರ ಬಳಿಗೆ ಬಂದು, ತಾನು ಬಿದ್ದಾಗ ಬಟ್ಟೆ ಸರಿದು ಹೋಗುತ್ತದೆ, ಪ್ರಾರ್ಥಿಸಿರಿ ಎಂದು ಕೇಳಿಕೊಂಡರು. ಪ್ರವಾದಿ(ಸ) ಅವರನ್ನು ಗದರಲಿಲ್ಲ, ಕಟ್ಟಲು ಹೇಳಲಿಲ್ಲ. ಸಹಿಸಿಕೊಂಡರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಆಯ್ಕೆಯನ್ನು ಅವರಿಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡು, ಮಾನ ಉಳಿಯಲಿ ಎಂದಷ್ಟೇ ಕೇಳಿಕೊಂಡರು. ಪ್ರವಾದಿ(ಸ) ಅದಕ್ಕಾಗಿ ಪ್ರಾರ್ಥಿಸಿದರು. ಜಿನ್ನ್ ಬಾಧೆಯ ಕುರಿತು ಬೇರೆ ವರದಿಗಳೂ ಇವೆ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳೂ ಇವೆ. ಆದರೆ ರೋಗಿಯ ಮಾನಕ್ಕೆ ಈ ಪ್ರಸಂಗ ಕೊಟ್ಟ ಬೆಲೆಯಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯೆಲ್ಲಿದೆ? ಹನ್ನೊಂದನೆಯ ಶತಮಾನದಲ್ಲಿ ಇಬ್ನುಸೀನಾ ಮನೋರೋಗದ ಬಗ್ಗೆ ಬರೆಯುತ್ತಾ, ಅದು ಜಿನ್ನ್‌ನಿಂದಲೇ ಬಂದಿರಲಿ ಬಿಡಲಿ, ವೈದ್ಯನಿಗೆ ಬೇಕಾದುದು ದೇಹದಲ್ಲಾದ ಬದಲಾವಣೆ ಎಂದರು. 1284ರ ಸುಮಾರಿಗೆ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಅಲ್ಲಿಂದ ಏರ್ವಾಡಿಗೆ ನಾವು ಬಂದದ್ದು ಮುನ್ನಡೆಯೋ ಹಿನ್ನಡೆಯೋ?

ಅಂದಹಾಗೆ, ಸೈತಾನ ತಗುಲಿ ತತ್ತರಿಸುವವನ ಚಿತ್ರ ಕುರ್‌ಆನ್‌ನ ಅಲ್ ಬಕರ ಅಧ್ಯಾಯದಲ್ಲೂ ಬರುತ್ತದೆ. ಆದರೆ ಆ ಹೋಲಿಕೆಯನ್ನು ಕೊಟ್ಟಿರುವುದು ರೋಗಿಗಲ್ಲ, ಬಡ್ಡಿ ತಿನ್ನುವವನಿಗೆ! ನಾವು ಬಡ್ಡಿ ತಿನ್ನುವವನಿಗೆ ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ ಹಾಕುತ್ತೇವೆ, ರೋಗಿಗೆ ಹಿಂದಿನ ಕೋಣೆಯ ಬೀಗ ಹಾಕುತ್ತೇವೆ.

ಪ್ರಾರ್ಥನೆಯಿಂದ ಪ್ರಯೋಜನವೇ ಇಲ್ಲವೇ ಎಂದು ಕೇಳಿದರೆ, ಹಾಗೆ ನಾವು ಹೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ ಮನೋರೋಗಿಗಳನ್ನು ಅಭ್ಯಸಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳು ಐದನೇ ಒಂದರಷ್ಟು ತಗ್ಗಿದ್ದವು. ಅದಕ್ಕೆ ಅವರು ಕಂಡ ಕಾರಣ ಬೆದರಿಕೆಯಿಲ್ಲದ, ಆಸರೆ ಕೊಡುವ ವಾತಾವರಣ. ಪ್ರಾರ್ಥನೆ, ಆಸರೆ, ಮದ್ದು ಜೊತೆಯಾಗಿ ಸಾಗಲಿ. ಬೇಡವಾದುದು ಬೆತ್ತ, ಸರಪಳಿ, ಹಸಿವು, ಹಣೆಪಟ್ಟಿ. ಮದ್ದು ಸಿಕ್ಕರೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಅದೇ ವರ್ಷದ ಕರ್ನಾಟಕದ ಮೌಢ್ಯ ನಿಷೇಧ ಕಾಯಿದೆ ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಅಪರಾಧವೆಂದಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ಇದನ್ನು ಮಿಂಬರ್‌ನಿಂದಲೂ ಚರ್ಚಿನ ಪೀಠದಿಂದಲೂ ಹೇಳಲು ಯಾವ ಶಾಸ್ತ್ರ ಅಡ್ಡಿಯಾಗುತ್ತದೆ?

ಕೊನೆಯದಾಗಿ ಒಂದು ಮಾತು. ಇದನ್ನೋದಿ ಪ್ರಾರ್ಥನಾಲಯಗಳಿಗೆ ಕಲ್ಲೆಸೆಯುವವರು ಸಂತೋಷಪಡಬೇಕಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ರಾಜ್ಯದ ಇತರೆಡೆಗಳಲ್ಲೂ ಚರ್ಚುಗಳ ಮೇಲೆ ದಾಳಿ ಮಾಡಿದವರು ಮೂರ್ಛೆರೋಗಿಗಳ ಮೇಲಿನ ಕರುಣೆಯಿಂದ ಹೊರಟವರಲ್ಲ. ಅವರೂ ಸಹ ತಮ್ಮ ನೆರೆಯವರಿಗೆ ಹಣೆಪಟ್ಟಿ ಅಂಟಿಸಿಯೇ ಹೊರಟಿದ್ದರು. ಹೆಸರು ಸೈತಾನನದ್ದಾದರೂ ದೇಶದ್ರೋಹಿಯದ್ದಾದರೂ ಕೆಲಸ ಒಂದೇ. ಎದುರಿನವನನ್ನು ಮನುಷ್ಯನ ಪಟ್ಟಿಯಿಂದ ತೆಗೆದುಹಾಕುವುದು.

ಸೈತಾನನಿಂದ ರಕ್ಷಣೆ ಬೇಡಿಯೇ ನಾವು ಕುರ್‌ಆನ್ ಓದಲು ಆರಂಭಿಸುತ್ತೇವೆ. ಕೆಡುಕಿನಿಂದ ತಪ್ಪಿಸೆಂದು ಕ್ರೈಸ್ತರು ದಿನನಿತ್ಯ ಪ್ರಾರ್ಥಿಸುತ್ತಾರೆ. ಎರಡೂ ಪ್ರಾರ್ಥನೆಗಳು ನಮ್ಮನ್ನು ಕುರಿತಾದವು, ಪಕ್ಕದ ಕೋಣೆಯಲ್ಲಿ ನರಳುತ್ತಿರುವ ಹುಡುಗಿಯನ್ನು ಕುರಿತಾದವಲ್ಲ. ಆಕೆಗೆ ಬೇಕಾದುದು ಒಂದು ಲೋಟ ನೀರು, ಒಂದು ಗುಳಿಗೆ, ಕೈ ಹಿಡಿಯುವ ಒಬ್ಬರು. ಅದನ್ನು ಕೊಡದಂತೆ ನಮ್ಮನ್ನು ತಡೆಯುವ ಯಾವುದೋ ಒಂದು ನಮ್ಮೊಳಗೆ ಇದೆಯಲ್ಲ, ಬಿಡಿಸಬೇಕಾದುದು ಅದನ್ನು.